ಅಡುಗೆಮನೆ ಇತಿಹಾಸ, ಭಾಗ 4: ಅಜ್ಜಿಯ ಕಷಾಯ ಮತ್ತು ಮೆಣಸಿನ ರಾಣಿ

ನಮ್ಮನೇಲಿ ಯಾರಾದ್ರೂ ಮೂರು ಸಲ ಸೀನಿದ್ರೆ ಸಾಕು, ಅಜ್ಜಿ ಕಷಾಯದ ಲೋಟ ಹಿಡ್ಕೊಂಡು ಎದುರಿಗೆ ನಿಂತಿರ್ತಾಳೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಒಣಶುಂಠಿ ಹುರಿದು ಮಾಡಿದ ಪುಡಿ, ಒಂದು ತುಂಡು ಬೆಲ್ಲ. ಇದರಲ್ಲಿ ಎಂಥಾ ಇತಿಹಾಸ ಅಂತೀರಾ? ಓದಿ.

ಆಯುರ್ವೇದದ ಹಳೇ ಗ್ರಂಥಗಳಲ್ಲಿ ನೆಗಡಿಗೆ ‘ಪ್ರತಿಶ್ಯಾಯ’ ಅಂತ ಹೆಸರು. ಶುಂಠಿ, ಕಾಳುಮೆಣಸು, ಹಿಪ್ಪಲಿ ಈ ಮೂರು ಸೇರಿದ್ರೆ ‘ತ್ರಿಕಟು’, ಅಂದ್ರೆ ಮೂರು ಖಾರ. ಅಜ್ಜಿಗೆ ಆ ಹೆಸರು ಗೊತ್ತಿಲ್ಲ. ಆದ್ರೆ ಮೂರರಲ್ಲಿ ಎರಡು ಅವಳ ಡಬ್ಬದಲ್ಲಿವೆ.

ಮೂರನೆಯದು, ಹಿಪ್ಪಲಿ, ಒಂದು ಕಾಲದ ಸ್ಟಾರ್. ಸಂಸ್ಕೃತದ ‘ಪಿಪ್ಪಲಿ’ಯೇ ಗ್ರೀಕ್, ಲ್ಯಾಟಿನ್ ದಾಟಿ ಇಂಗ್ಲಿಷಿನ ‘ಪೆಪ್ಪರ್’ ಆಯ್ತು. 1ನೇ ಶತಮಾನದಲ್ಲಿ ರೋಮ್‌ನ ಪ್ಲಿನಿ ರೇಟ್ ಕೂಡ ಬರೆದಿಟ್ಟಿದ್ದಾನೆ: ಒಂದು ಪೌಂಡ್ ಕರಿಮೆಣಸಿಗೆ 4 ದಿನಾರಿ, ಹಿಪ್ಪಲಿಗೆ 15. ಹೆಚ್ಚುಕಮ್ಮಿ ನಾಲ್ಕು ಪಟ್ಟು! ಈಗ ಹಿಪ್ಪಲಿ ಬೇಕಂದ್ರೆ ಗ್ರಂಧಿಗೆ ಅಂಗಡಿ ಹುಡುಕಬೇಕು.

ಕರಿಮೆಣಸಿನ ಕಥೆ ಬೇರೆ. ಅದಕ್ಕೋಸ್ಕರ ಹಡಗುಗಳೇ ಬಂದವು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆ ತಲುಪಿದ. ಮುಂದಿನ ನೂರು ವರ್ಷ ನಮ್ಮ ಕರಾವಳಿ ಪೂರ್ತಿ ಮೆಣಸಿನ ರಾಜಕೀಯ. ಆಗ ಶರಾವತಿ ದಡದ ಗೇರುಸೊಪ್ಪೆಯನ್ನ ಆಳಿದವಳು ಚೆನ್ನಭೈರಾದೇವಿ. 1552ರಿಂದ 1606ರವರೆಗೆ, 54 ವರ್ಷ! ಪೋರ್ಚುಗೀಸರು ಅವಳಿಗೆ ಇಟ್ಟ ಹೆಸರು ‘ರೈನಾ ದ ಪಿಮೆಂಟಾ’, ಮೆಣಸಿನ ರಾಣಿ. ಅವರ ಜೊತೆ ಯುದ್ಧವನ್ನೂ ಮಾಡಿದಳು, ವ್ಯಾಪಾರವನ್ನೂ ಮಾಡಿದಳು. ಕೊನೆಗೆ ಅವಳ ರಾಜ್ಯ ಹೋಗಿದ್ದು ಕೆಳದಿ ನಾಯಕರ ಕೈಗೆ. ಕಾಮರ್ಸ್ ಓದೋ ನಾನು ಇವಳ ಹೆಸರು ಮೊದಲು ಕೇಳಿದ್ದು ಕ್ಲಾಸಲ್ಲಲ್ಲ, ಹೊನ್ನಾವರದ ಬಸ್ಸಲ್ಲಿ, ಪಕ್ಕದ ಸೀಟಿನ ಅಜ್ಜರ ಬಾಯಲ್ಲಿ.

ಈಗಲೂ ನಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ. ಒಳ್ಳೇ ಕಾಳೆಲ್ಲ ಮಾರಾಟಕ್ಕೆ, ನನ್ನ ಕಾಲೇಜ್ ಫೀಸ್ ಬರೋದೂ ಅದರಿಂದ್ಲೇ. ಜೊಳ್ಳು ಕಾಳು ಮಾತ್ರ ಮನೆಯ ಕಷಾಯಕ್ಕೆ.

ಈಗ ಇದನ್ನ ಬರೀತಿರೋದಕ್ಕೆ ನಿಜವಾದ ಕಾರಣ. ಹೋದ ಮಳೆಗಾಲ ಅಜ್ಜಿಗೇ ಕೆಮ್ಮು ಶುರುವಾಯ್ತು. ಮೂರು ವಾರ ಬರೀ ಕಷಾಯ ಕುಡಿದಳು. ನಾವೂ ‘ಸಾವಿರಾರು ವರ್ಷದ ಮದ್ದಲ್ವಾ’ ಅಂತ ಸುಮ್ನಿದ್ವಿ. ನಾನೇ ಹೆಚ್ಚು ಹೇಳಿದ್ದೆ. ಒಂದು ರಾತ್ರಿ ಉಸಿರು ಕಟ್ಟಿದಾಗ ಆಸ್ಪತ್ರೆಗೆ ಓಡಿದ್ವಿ. ನ್ಯುಮೋನಿಯಾ. ಒಂಬತ್ತು ದಿನ ಅಲ್ಲೇ ಇದ್ದಳು.

ಸಾಮಾನ್ಯ ನೆಗಡಿ ವೈರಸ್‌ನಿಂದ ಬರುತ್ತೆ, ಹೆಚ್ಚಿನ ಸಲ ಏಳು-ಹತ್ತು ದಿನಕ್ಕೆ ತಾನಾಗೇ ಹೋಗುತ್ತೆ. ಬಿಸಿ ಕಷಾಯ ಗಂಟಲಿಗೆ ಹಿತ ಕೊಡುತ್ತೆ, ಅಷ್ಟೇ. ಕೆಮ್ಮು ಎರಡು ವಾರ ದಾಟಿದ್ರೆ, ಜ್ವರ ಬಿಡದಿದ್ರೆ, ಉಸಿರಾಟ ಕಷ್ಟವಾದ್ರೆ ಡಾಕ್ಟರ್ ಹತ್ರ ಹೋಗಿ. ಹಳೇದು ಅನ್ನೋ ಹೆಮ್ಮೆ ನನಗೂ ಇದೆ, ಆದ್ರೆ ಹೆಮ್ಮೆ ಚಿಕಿತ್ಸೆ ಅಲ್ಲ.

ಅಜ್ಜಿ ಈಗ ಆರಾಮಿದ್ದಾಳೆ. ಮನೆಗೆ ಬಂದವಳೇ ಕೇಳಿದ್ದು ಕಷಾಯನೇ. ಆವತ್ತು ಅಪ್ಪ ಮಾರಾಟದ ಚೀಲ ಬಿಚ್ಚಿ ಒಳ್ಳೇ ಕಾಳು ತೆಗೆದುಕೊಟ್ರು.

ನಿಮ್ಮನೆ ಕಷಾಯಕ್ಕೆ ಏನೇನು ಹಾಕ್ತಾರೆ? ಮನೇಲಿ ಕೇಳಿ ಕಾಮೆಂಟ್ ಮಾಡಿ. ಭಾಗ 5ರಲ್ಲಿ: ಅಮೆರಿಕದಿಂದ ಬಂದ ಮೆಣಸಿನಕಾಯಿ.

#ಅಡುಗೆಮನೆಇತಿಹಾಸ #ಕಷಾಯ #ಗೇರುಸೊಪ್ಪೆ