ವೇಗವರ್ಧಕ ರಾಶಿ ರೋಹಿತಮಾಪನ: ಪರಿಸರ ಅಧ್ಯಯನದಲ್ಲಿ ಬೆಳೆದು ಬಂದ ಬಗೆ

ನೀರು, ಹಿಮ, ಮಸಿ, ಮರಳುಗಳಲ್ಲಿ ಅತ್ಯಲ್ಪವಾಗಿರುವ ಐಸೊಟೋಪುಗಳ ಪರಮಾಣುಗಳನ್ನು ಒಂದೊಂದಾಗಿ ಎಣಿಸುವ ವಿಧಾನವಿದು. ಚಿಕ್ಕದಾಗಿ ಎಎಂಎಸ್.

ಶಿಕಾಗೊದಲ್ಲಿ ವಿಲ್ಲರ್ಡ್ ಲಿಬ್ಬಿ 1949ರ ಹೊತ್ತಿಗೆ ರೂಪಿಸಿದ್ದ ಕಾರ್ಬನ್-14 ಕಾಲನಿರ್ಣಯಕ್ಕೆ ಪರಮಾಣುಗಳು ಕ್ಷಯಿಸುವವರೆಗೂ ಕಾಯಬೇಕಿತ್ತು. ಇಂದಿನ ಸಸ್ಯದ 1 ಮಿಲಿಗ್ರಾಂ ಇಂಗಾಲದಲ್ಲಿ ಸುಮಾರು 6 ಕೋಟಿ ಕಾರ್ಬನ್-14 ಪರಮಾಣುಗಳಿರುತ್ತವೆ. ಆದರೆ ಗಂಟೆಗೆ ಸರಾಸರಿ ಒಂದೂ ಕ್ಷಯಿಸುವುದಿಲ್ಲ. ಹಾಗಾಗಿ ಗ್ರಾಂಗಟ್ಟಲೆ ಇಂಗಾಲ ಬೇಕಾಗುತ್ತಿತ್ತು.

ಕಾಯುವ ಬದಲು ಎಣಿಸಿದರಾಯಿತಲ್ಲ? ಅಡ್ಡಿಯಾಗಿದ್ದದ್ದು ಹೆಚ್ಚುಕಡಿಮೆ ಅಷ್ಟೇ ತೂಕದ ನೈಟ್ರೋಜನ್-14. 1977ರಲ್ಲಿ ಬರ್ಕ್ಲಿಯ ರಿಚರ್ಡ್ ಮುಲ್ಲರ್ ಸೈಕ್ಲೋಟ್ರಾನ್ ಬಳಸುವ ದಾರಿ ತೋರಿಸಿದರು. ಅದೇ ವರ್ಷ ರಾಚೆಸ್ಟರ್ ಮತ್ತು ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯಗಳಲ್ಲಿ ಕೆಲಸ ಮಾಡಿದ ತಂಡಗಳು ಟ್ಯಾಂಡಮ್ ವೇಗವರ್ಧಕದಿಂದ ಎಣಿಕೆ ಸಾಧಿಸಿದವು. ಋಣ ಅಯಾನಾಗಿ ನೈಟ್ರೋಜನ್ ಉಳಿಯದು, ಇಂಗಾಲ ಉಳಿಯುತ್ತದೆ. ಹೀಗೆ ಆ ಅಡ್ಡಿ ಆರಂಭದಲ್ಲೇ ಕಳಚಿತು. ಅದೇ ತೂಕದ ಅಣುಗಳನ್ನು ವೇಗವರ್ಧಕದ ನಡುವೆ ಎಲೆಕ್ಟ್ರಾನ್ ಕಿತ್ತು ಒಡೆಯಲಾಯಿತು.

ಇದರ ದೊಡ್ಡ ಫಲ ಕಂಡದ್ದು ಕಡಲಿನಲ್ಲಿ. 1970ರ ದಶಕದ ಜಿಯೊಸೆಕ್ಸ್ ಸಮೀಕ್ಷೆಯಲ್ಲಿ ಒಂದೊಂದು ಮಾದರಿಗೂ 200 ಲೀಟರಿಗೂ ಹೆಚ್ಚು ನೀರನ್ನು ಭಾರೀ ಪೀಪಾಯಿಗಳಲ್ಲಿ ಹಡಗಿಗೆತ್ತಬೇಕಿತ್ತು. ಎಎಂಎಸ್ ಬಂದ ಮೇಲೆ ಅರ್ಧ ಲೀಟರಿನ ಬಾಟಲಿ ಸಾಕಾಯಿತು. 1989ರಲ್ಲಿ ಅಮೆರಿಕದ ವುಡ್ಸ್ ಹೋಲ್‌ನಲ್ಲಿ ಇದಕ್ಕೆಂದೇ ಪ್ರಯೋಗಾಲಯ ಸ್ಥಾಪನೆಯಾಗಿ, ವಿಶ್ವ ಸಾಗರ ಪರಿಚಲನ ಸಮೀಕ್ಷೆಯ ಹತ್ತು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಅಳೆಯಿತು. ವಾತಾವರಣದಲ್ಲಿ ನಡೆಸಿದ ಅಣುಬಾಂಬ್ ಪರೀಕ್ಷೆಗಳು 1960ರ ದಶಕದಲ್ಲಿ ಉತ್ತರ ಗೋಳಾರ್ಧದ ಗಾಳಿಯಲ್ಲಿ ಕಾರ್ಬನ್-14 ಅನ್ನು ಹತ್ತಿರಹತ್ತಿರ ದುಪ್ಪಟ್ಟಾಗಿಸಿದ್ದವು. ಆ ಇಂಗಾಲ ಎಷ್ಟು ಆಳಕ್ಕಿಳಿದಿದೆ ಎಂಬುದರಿಂದ ಕಡಲು ಗಾಳಿಯ ಇಂಗಾಲವನ್ನು ಎಷ್ಟು ಬೇಗ ಹೀರುತ್ತದೆಂದು ಲೆಕ್ಕಹಾಕಬಹುದು. ಹವಾಮಾನದ ಭವಿಷ್ಯ ಹೇಳುವವರಿಗೆ ಇಷ್ಟು ಬೆಲೆಬಾಳುವ ಅಳತೆಗಳು ಕಡಿಮೆ.

ಬೇರೆ ಐಸೊಟೋಪುಗಳೂ ಸೇರಿಕೊಂಡವು. ಹಿಮದ ಪದರಗಳ ಬೆರಿಲಿಯಂ-10 ಹಿಂದಿನ ಸೂರ್ಯನ ಚಟುವಟಿಕೆಯನ್ನು, ಕ್ಲೋರಿನ್-36 ಆಸ್ಟ್ರೇಲಿಯದ ಗ್ರೇಟ್ ಆರ್ಟೀಸಿಯನ್ ಬೇಸಿನ್‌ನ ಪುರಾತನ ಅಂತರ್ಜಲದ ವಯಸ್ಸನ್ನು ತಿಳಿಸಿತು. ಸೆಲ್ಲಾಫೀಲ್ಡ್ ಮತ್ತು ಲಾ ಹೇಗ್‌ನ ಪರಮಾಣು ಇಂಧನ ಘಟಕಗಳಿಂದ ಹೊರಬಿದ್ದ ಅಯೋಡಿನ್-129, ಆರ್ಕ್‌ಟಿಕ್‌ವರೆಗೆ ಪ್ರವಾಹಗಳ ಜಾಡು ತೋರಿಸಿತು.

ಭಾರತದಲ್ಲಿ ನವದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯಗಳಲ್ಲಿ ಈ ಸೌಲಭ್ಯವಿದೆ. ಎಎಂಎಸ್ ಬಳಸಿದ, ದಕ್ಷಿಣ ಏಷ್ಯಾದ ಮಟ್ಟಿಗೆ ಮುಖ್ಯವಾದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಪುಣೆ ಬಳಿಯ ಸಿಂಹಗಡ ಮತ್ತು ಮಾಲ್ಡೀವ್ಸ್‌ನಲ್ಲಿ ಚಳಿಗಾಲದ ಗಾಳಿಯನ್ನು ಸೋಸಿ ಹಿಡಿದ ಮಸಿಯನ್ನು ಅದರಲ್ಲಿ ಪರೀಕ್ಷಿಸಲಾಗಿತ್ತು. ಕಲ್ಲಿದ್ದಲು, ಡೀಸೆಲ್‌ಗಳ ಮಸಿಯಲ್ಲಿ ಕಾರ್ಬನ್-14 ಉಳಿದಿರುವುದಿಲ್ಲ. ಸೌದೆ, ಬೆರಣಿ, ಕೃಷಿ ತ್ಯಾಜ್ಯದ ಮಸಿಯಲ್ಲಿ ಇರುತ್ತದೆ. ಅಳತೆಯ ಕ್ರಮಕ್ಕೆ ತಕ್ಕಂತೆ ಮಸಿಯ ಸುಮಾರು ಅರ್ಧದಿಂದ ಮೂರನೇ ಎರಡು ಪಾಲು ಎರಡನೆಯ ಬಗೆಯದೆಂದು ಗೊತ್ತಾಯಿತು. ವಾಹನ, ಕಾರ್ಖಾನೆಗಳಷ್ಟೇ ಗಮನವನ್ನು ಹಳ್ಳಿಮನೆಯ ಒಲೆಗೂ ಕೊಡಬೇಕೆಂಬ ವಾದಕ್ಕೆ ಇದರಿಂದ ಗಟ್ಟಿ ಆಧಾರ ಸಿಕ್ಕಿತು.