ಜಾಲತಾಣದ ‘ಸೆಷನ್’: ಹಿತ್ತಾಳೆ ಟೋಕನ್ನಿನ ಹೊಸ ಅವತಾರ

ಊರಿಗೆ ಹೊರಡಲು ರೈಲು ಟಿಕೆಟ್ ಕಾದಿರಿಸುವಾಗಲೋ, ಬ್ಯಾಂಕಿನ ತಾಣದಲ್ಲಿ ಮಕ್ಕಳಿಗೆ ಹಣ ಕಳುಹಿಸುವಾಗಲೋ ‘ನಿಮ್ಮ ಸೆಷನ್ ಮುಗಿದಿದೆ’ ಎಂಬ ಸೂಚನೆ ಕಂಡು ಬೇಸರಪಟ್ಟವರು ಮಲ್ಕಾಜ್‌ಗಿರಿಯ ನಮ್ಮ ಕನ್ನಡ ಮನೆಗಳಲ್ಲಿ ಅನೇಕರಿದ್ದಾರೆ. ಈ ಸೆಷನ್ ಎಂದರೇನು, ಅದನ್ನು ಕಾಯುವವರು ಯಾರು ಎಂಬುದನ್ನು ಇಲ್ಲಿ ಸರಳವಾಗಿ ವಿವರಿಸಲು ಯತ್ನಿಸಿದ್ದೇವೆ.

ಮರೆಗುಳಿ ಸರ್ವರ್

ಜಾಲಪುಟಗಳನ್ನು ಸಾಗಿಸುವ ಎಚ್‌ಟಿಟಿಪಿ ಎಂಬ ನಿಯಮಾವಳಿಗೆ ಸ್ವಭಾವತಃ ನೆನಪಿಲ್ಲ. ಒಂದು ಪುಟದಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಹೋದವರು ಮುಂದಿನ ಪುಟ ಕೇಳಿದಾಗ ಸರ್ವರ್‌ಗೆ ಮತ್ತೆ ಅಪರಿಚಿತರೇ. ಈ ಕೊರತೆ ನೀಗಲು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ ಅವರು ‘ಕುಕಿ’ಯನ್ನು ರೂಪಿಸಿದರು. ಸರ್ವರ್ ಕೊಟ್ಟ ಪುಟ್ಟ ಚೀಟಿಯನ್ನು ಬ್ರೌಸರ್ ಇಟ್ಟುಕೊಂಡು, ಪ್ರತಿ ಕೋರಿಕೆಯೊಡನೆ ಮರಳಿ ತೋರಿಸುತ್ತದೆ.

ಗಣಕಯಂತ್ರಗಳು ಬರುವ ಮೊದಲಿನ ಬ್ಯಾಂಕುಗಳನ್ನು ಕಂಡವರಿಗೆ ಇದು ಹೊಸತಲ್ಲ. ಚೆಕ್ಕು ಕೊಟ್ಟವರಿಗೆ ಗುಮಾಸ್ತರು ಸಂಖ್ಯೆ ಕೊರೆದ ಹಿತ್ತಾಳೆಯ ಟೋಕನ್ ಕೊಡುತ್ತಿದ್ದರು. ಅದರಲ್ಲಿ ಹೆಸರಿರಲಿಲ್ಲ, ಮೊತ್ತವೂ ಇರಲಿಲ್ಲ. ಅವೆಲ್ಲ ಒಳಗಿನ ಪುಸ್ತಕದಲ್ಲಿದ್ದವು. ಸೆಷನ್ ಕುಕಿಯೂ ಸಾಮಾನ್ಯವಾಗಿ ಹೀಗೆಯೇ: ಬ್ರೌಸರ್ ಬಳಿ ಇರುವುದು ಸಂಖ್ಯೆ ಮಾತ್ರ, ವಿವರಗಳಿರುವುದು ಸರ್ವರ್‌ನಲ್ಲಿ. ಒಂದೇ ವ್ಯತ್ಯಾಸವೆಂದರೆ, ಟೋಕನ್ನುಗಳಿಗೆ ಕ್ರಮಸಂಖ್ಯೆಯಿತ್ತು. ಸೆಷನ್ ಸಂಖ್ಯೆ ಯಾರೂ ಊಹಿಸಲಾಗದಷ್ಟು ಉದ್ದವೂ ಅಡ್ಡಾದಿಡ್ಡಿಯೂ ಆಗಿರಬೇಕು.

ನಡುವೆ ನಿಂತ ಕಾವಲುಗಾರ

ಈ ಸಂಖ್ಯೆಯನ್ನು ಪ್ರತಿ ಪುಟದಲ್ಲಿಯೂ ಪರೀಕ್ಷಿಸುವ ಕೆಲಸವನ್ನು ‘ಮಿಡಲ್‌ವೇರ್’ಗೆ ವಹಿಸಲಾಗುತ್ತದೆ. ಕೋರಿಕೆಗೂ ತಾಣದ ಮೂಲ ಕಾರ್ಯಕ್ಕೂ ನಡುವೆ ನಿಲ್ಲುವ ತಂತ್ರಾಂಶವಿದು. 2005ರಲ್ಲಿ ಬಿಡುಗಡೆಯಾದ ಜಾಂಗೋ ಎಂಬ ತಂತ್ರಾಂಶ ಚೌಕಟ್ಟಿನಲ್ಲಿ ಸೆಷನ್ ಮಿಡಲ್‌ವೇರ್ ಮೊದಲು ಬಂದು ಕಡತವನ್ನು ತೆರೆಯುತ್ತದೆ. ಬಳಕೆದಾರರನ್ನು ಗುರುತಿಸುವ ಮಿಡಲ್‌ವೇರ್ ಅದರ ನಂತರವೇ ಇರಬೇಕು. ಕ್ರಮ ತಪ್ಪಿದರೆ ಕೆಲಸ ಕೆಡುತ್ತದೆ. ಪಾಸ್‌ವರ್ಡ್ ಕೊಟ್ಟು ಒಳಬಂದೊಡನೆ ಹಳೆಯ ಸಂಖ್ಯೆ ರದ್ದಾಗಿ ಹೊಸ ಸಂಖ್ಯೆ ಸಿಗುವುದು ಸುರಕ್ಷತೆಯ ಮುಖ್ಯ ನಿಯಮ.

ಅವಧಿಯ ನಿರ್ಣಯವೂ ಇಲ್ಲಿಯೇ. ಜಾಂಗೋ ತಾನಾಗಿ ಕೊಡುವ ಅವಧಿ ಎರಡು ವಾರ. ಹಣಕಾಸಿನ ತಾಣಗಳಿಗೆ ಇಷ್ಟು ಸಲ್ಲದು. ಜಾಲ ಸುರಕ್ಷತೆಗಾಗಿ ದುಡಿಯುವ ಓವಾಸ್ಪ್ ಸಂಸ್ಥೆಯ ಪ್ರಕಾರ, ಬೆಲೆಬಾಳುವ ವ್ಯವಹಾರಗಳಲ್ಲಿ ಬಳಕೆದಾರರು ಸುಮ್ಮನಿದ್ದರೆ 2ರಿಂದ 5 ನಿಮಿಷಗಳಲ್ಲಿ ಸೆಷನ್ ಮುಗಿಯಬೇಕು. ನಮಗೆ ಬೇಸರ ತರಿಸುವ ಆ ಸೂಚನೆ ನಮ್ಮ ರಕ್ಷಣೆಗಾಗಿಯೇ ಇದೆ.

ಟೋಕನ್ ಕಳೆದರೆ?

‘ಪಾಸ್‌ವರ್ಡನ್ನು ಯಾರಿಗೂ ಹೇಳಿಲ್ಲ, ಇನ್ನೇನು ಭಯ?’ ಎನ್ನುವ ಹಿರಿಯರಿದ್ದಾರೆ. ಆದರೆ ಸೆಷನ್ ಸಂಖ್ಯೆ ಕದ್ದವನಿಗೆ ಪಾಸ್‌ವರ್ಡ್ ಬೇಕಿಲ್ಲ. ಸರ್ವರ್ ಅವನನ್ನೇ ನಾವೆಂದು ನಂಬುತ್ತದೆ. 2010ರಲ್ಲಿ ಎರಿಕ್ ಬಟ್ಲರ್ ಎಂಬುವರು ಫೈರ್‌ಶೀಪ್ ಎಂಬ ಉಪತಂತ್ರಾಂಶದ ಮೂಲಕ, ಬೀಗವಿಲ್ಲದ ವೈ-ಫೈನಲ್ಲಿ ಇತರರ ಕುಕಿಗಳನ್ನು ಎಷ್ಟು ಸುಲಭವಾಗಿ ಕದಿಯಬಹುದೆಂದು ಜಗತ್ತಿಗೆ ತೋರಿಸಿದರು. ಎಲ್ಲ ಪುಟಗಳೂ ಎಚ್‌ಟಿಟಿಪಿಎಸ್ ಎಂಬ ಗುಪ್ತಲಿಪಿಯ ಹಾದಿಯಲ್ಲಿಯೇ ಸಾಗಬೇಕೆಂಬ ಒತ್ತಾಯಕ್ಕೆ ಇದರಿಂದ ಬಲ ಬಂದಿತು.

ನಾವು ಮಾಡಬೇಕಾದ್ದು ಇಷ್ಟು. ಕೆಲಸ ಮುಗಿದೊಡನೆ ‘ಲಾಗ್ ಔಟ್’ ಒತ್ತಬೇಕು. ಕಿಟಕಿ ಮುಚ್ಚಿದರೆ ಸಾಲದು. ಸರ್ವರ್‌ನಲ್ಲಿ ಕಡತ ಅವಧಿ ಮುಗಿಯುವವರೆಗೂ ತೆರೆದೇ ಇರಬಹುದು. ಅನ್ಯರ ಗಣಕಯಂತ್ರದಲ್ಲಿ ಬ್ಯಾಂಕಿನ ತಾಣ ತೆರೆಯದಿರುವುದು ಲೇಸು. ಸಂಶಯ ಬಂದರೆ ಪಾಸ್‌ವರ್ಡ್ ಬದಲಿಸಿ, ಸೌಲಭ್ಯವಿದ್ದಲ್ಲಿ ‘ಎಲ್ಲ ಸಾಧನಗಳಿಂದ ಲಾಗ್ ಔಟ್’ ಮಾಡಿ, ಬ್ಯಾಂಕಿಗೂ ತಿಳಿಸಬೇಕು.

ಅಂದು ಹಣ ಪಡೆದವರು ಟೋಕನ್ನನ್ನು ಕ್ಯಾಷಿಯರರಿಗೆ ಒಪ್ಪಿಸಿಯೇ ಹೊರಡುತ್ತಿದ್ದರು. ಆ ಅಭ್ಯಾಸವನ್ನು ಇಂದೂ ಉಳಿಸಿಕೊಳ್ಳೋಣ.