ವಯಸ್ಕರ ಒಂಟಿತನ: ಕೊಪ್ಪಳ ಜಿಲ್ಲೆಯಲ್ಲಿ ಅದರ ಸಾಮಾಜಿಕ ಹಾಗೂ ಭೌಗೋಳಿಕ ಕಾರಣಗಳು

ಒಬ್ಬರೇ ಇರುವುದು ಬೇರೆ, ಒಂಟಿತನ ಬೇರೆ. ಬಯಸಿದಷ್ಟು ಆಪ್ತ ಸಂಬಂಧ ದೊರೆಯದಿದ್ದಾಗ ಆಗುವ ನೋವೇ ಒಂಟಿತನ. ತುಂಬಿದ ಮನೆಯಲ್ಲೂ ಅದು ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವು 2025ರ ಜೂನ್‌ನಲ್ಲಿ ನೀಡಿದ ವರದಿಯಂತೆ, ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ಬರು ಇದನ್ನು ಅನುಭವಿಸುತ್ತಾರೆ. ವರ್ಷಕ್ಕೆ ಅಂದಾಜು 8,71,000 ಸಾವುಗಳಿಗೆ ಇದರ ನಂಟಿದೆ.

ಕರಾವಳಿಯ ಕಟ್ಟಡ ಕಾಮಗಾರಿಗಳಲ್ಲಿ ದುಡಿಯುವ ಉತ್ತರ ಕರ್ನಾಟಕದ ಕಾರ್ಮಿಕರಲ್ಲಿ ಕೊಪ್ಪಳ ಜಿಲ್ಲೆಯವರೂ ಇದ್ದಾರೆ. ಆದ್ದರಿಂದ ಈ ವಿಷಯ ನಮಗೂ ಸಂಬಂಧಿಸಿದ್ದು.

ಭೌಗೋಳಿಕ ಕಾರಣಗಳು

ರಾಯಚೂರಿನಿಂದ 1997ರಲ್ಲಿ ಬೇರ್ಪಟ್ಟ ಈ ಜಿಲ್ಲೆಯ ಮೂಲ ತಾಲೂಕುಗಳು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ. ಅನಂತರ ಕುಕನೂರು, ಕನಕಗಿರಿ ಹಾಗೂ ಕಾರಟಗಿ ಸೇರಿದವು. 2011ರ ಜನಗಣತಿಯಂತೆ ಜನಸಂಖ್ಯೆ 13,89,920. ಬಹುಪಾಲು ಜನ ಹಳ್ಳಿಗಳಲ್ಲೇ ಇದ್ದಾರೆ.

ಗಂಗಾವತಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ; ಅದು ಭತ್ತದ ಕಣಜ. ಕುಷ್ಟಗಿ, ಯಲಬುರ್ಗಾ ಭಾಗದ ಹೆಚ್ಚಿನ ಹೊಲಗಳಿಗೆ ಮಳೆಯೇ ಗತಿ. ಮಳೆ ಕೈಕೊಟ್ಟಾಗ ದುಡಿಯುವ ವಯಸ್ಸಿನವರು ಬೆಂಗಳೂರು, ಮಂಗಳೂರು, ಗೋವಾ ಕಡೆಗೆ ಗುಳೆ ಹೋಗುತ್ತಾರೆ. ಊರಿನಲ್ಲಿ ಉಳಿಯುವವರು ವೃದ್ಧರು ಮತ್ತು ಮಕ್ಕಳು.

ಸಂಚಾರ ಸೌಕರ್ಯದ ಕೊರತೆ ದೂರವನ್ನು ಇನ್ನಷ್ಟು ಹೆಚ್ಚಿಸಿತು. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ, ಕುಷ್ಟಗಿಗೆ 2025ರಲ್ಲಿ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಮಹಿಳೆಯರು ಸರಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲದೆ ತವರಿಗೆ ಹೋಗಿಬರಬಹುದು. ಆದರೆ ಬಸ್ಸೇ ಬಾರದ ಹೊತ್ತಿನಲ್ಲಿ ಅದರಿಂದ ಪ್ರಯೋಜನವಿಲ್ಲ.

ಸಾಮಾಜಿಕ ಕಾರಣಗಳು

ಗುಳೆ ಹೋದವರು ಶೆಡ್ಡುಗಳಲ್ಲಿ ವಾಸಿಸುತ್ತಾರೆ. ಕೆಲಸ ಮುಗಿದಂತೆ ಜಾಗ ಬದಲಾಗುತ್ತದೆ. ನೆರೆಹೊರೆ ಬೆಳೆಯಲು ಸಮಯವೇ ಸಿಗದು. ಕರಾವಳಿಯಲ್ಲಿ ತುಳು, ಕೊಂಕಣಿ ತಿಳಿಯದೆ ಅವರು ಮಾತುಕತೆಯಿಂದಲೂ ಹೊರಗುಳಿಯುತ್ತಾರೆ. ಊರಲ್ಲಿ ಉಳಿದ ವಿಧವೆಯರು, ಮಕ್ಕಳು ದೂರವಿರುವ ತಂದೆತಾಯಿ ಹಬ್ಬ, ಜಾತ್ರೆಗಾಗಿ ಕಾಯುತ್ತಾರೆ.

ಸಮಾಜವೇ ಹೇರುವ ಒಂಟಿತನವೂ ಇದೆ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಲಾಯಿತು. ಕ್ಷೌರದಂಗಡಿ, ಹೋಟೆಲುಗಳಿಗೆ ಅವರ ಪ್ರವೇಶದ ವಿವಾದವೂ ಅದರ ಹಿನ್ನೆಲೆಯಲ್ಲಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅಂಗಡಿ ಬಾಗಿಲಲ್ಲೇ ತಡೆಯಲ್ಪಟ್ಟವನಿಗೆ ‘ಜನರೊಂದಿಗೆ ಬೆರೆಯಿರಿ’ ಎಂಬ ಉಪದೇಶ ಸಾಲದು.

ಪರಿಹಾರದ ದಾರಿಗಳು

ನೆರೆಯ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಚಿಕಿತ್ಸೆ ನೀಡಬಹುದೆಂದು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಖಿನ್ನತೆ ಅಥವಾ ಆತ್ಮಹತ್ಯೆಯ ಯೋಚನೆ ಇದ್ದರೆ ಟೆಲಿ-ಮಾನಸ್ 14416ಕ್ಕೆ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು. ಹಿರಿಯರಿಗಾಗಿ 14567 ಸಹಾಯವಾಣಿ ಇದೆ.

ಆದರೆ ಒಂಟಿತನ ಕೇವಲ ವೈದ್ಯರ ವಿಷಯವಲ್ಲ. ವಾರ್ಡುಗಳ ಗುರಿಕಾರರು, ಸಮಾಜಸೇವಾ ಕಾರ್ಯಕರ್ತರು ತಮ್ಮ ವ್ಯಾಪ್ತಿಯ ಕಾರ್ಮಿಕರ ಶೆಡ್ಡುಗಳಿಗೆ, ಒಬ್ಬರೇ ಇರುವ ಹಿರಿಯರ ಮನೆಗಳಿಗೆ ತಪ್ಪದೆ ಭೇಟಿ ನೀಡಲಿ. ಅವರು ಯಾವ ಧರ್ಮದವರೆಂದು ಕೇಳುವುದು ಬೇಡ. ಹೆಸರು, ಊರು ಕೇಳಿ, ಕುಳಿತು ಮಾತನಾಡಿದರೆ ಸಾಕು. ಮುಂದಿನ ವಾರ ಮತ್ತೆ ಹೋಗಬೇಕು.